ಪ್ರೋಗ್ರಾಮಿನ ಮಾತು, ಪರೀಕ್ಷಕನ ಮಾತು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಮಾತನಾಡುವವರು ನೃಪತುಂಗನಿಂದಲೋ ಪಂಪನಿಂದಲೋ ಪ್ರಾರಂಭಿಸುವುದು ವಾಡಿಕೆ. ನನಗೆ ಆ ಪಾಂಡಿತ್ಯವಿಲ್ಲ. ಗಣಕಯಂತ್ರಕ್ಕೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವವನು ನಾನು. ನಮ್ಮ ಕಾರ್ಯದರ್ಶಿಗಳು, "ನಿಮ್ಮ ಕಸುಬಿನ ವಿಚಾರವನ್ನೇ ಹೇಳಿ, ಆದರೆ ಅದು ಕನ್ನಡದ ವಿಚಾರವೂ ಆಗಿರಬೇಕು, ಮನೆಯವರಿಗೆಲ್ಲ ತಿಳಿಯುವಂತೆಯೂ ಇರಬೇಕು" ಎಂದು ಕಟ್ಟಳೆ ಹಾಕಿದರು. ಈ ಮೂರನ್ನೂ ಒಂದೆಡೆ ಸೇರಿಸುವುದು ಸುಲಭವಲ್ಲ. ಆದರೂ ಅಂಥ ಸಂಗತಿಯೊಂದು ನಮ್ಮ ಸಂಘದಲ್ಲಿಯೇ ನಡೆಯಿತು. ಅದರಲ್ಲಿ ತಪ್ಪು ನನ್ನದು. ಆರೋಪ ಬಂದದ್ದು ಕನ್ನಡದ ಮೇಲೆ. ಆ ಋಣವನ್ನು ತೀರಿಸುವುದಕ್ಕಾಗಿ ಈ ಹೊತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಹೈದರಾಬಾದು ಗಣಕಯಂತ್ರಕ್ಕೆ ಹೊಸ ಊರೇನಲ್ಲ. ೧೯೬೭ರಲ್ಲಿ ಇಲ್ಲಿ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ಟಿ.ಡಿ.ಸಿ.-೧೨ ಎಂಬ ಅದರ ಗಣಕಯಂತ್ರ ೧೯೬೯ರಲ್ಲಿ ಹೊರಬಂತು. ೧೯೯೮ರಲ್ಲಿ ಮಾಧಾಪುರದ ಸೈಬರ್ ಟವರ್ಸ್ ತೆರೆದ ಮೇಲಂತೂ ಈ ಕಸುಬನ್ನು ಅರಸಿ ಬಂದ ಕನ್ನಡಿಗರ ಸಂಖ್ಯೆ ಬೆಳೆಯುತ್ತಲೇ ಹೋಯಿತು. ೧೯೫೬ರ ನವೆಂಬರ್ ೧ರಂದು ಕಲಬುರ್ಗಿ, ರಾಯಚೂರು, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಹೋದಾಗ ಇಲ್ಲಿಯೇ ಉಳಿದ ಮನೆತನಗಳು ಒಂದು ಕಡೆ, ಮೊನ್ನೆ ಮೊನ್ನೆ ಕೆಲಸಕ್ಕಾಗಿ ಬಂದ ಮಕ್ಕಳು ಇನ್ನೊಂದು ಕಡೆ. ಇವರಿಬ್ಬರೂ ಕೂಡಿದ್ದೇ ನಮ್ಮ ಸದಸ್ಯರ ಪಟ್ಟಿ. ನಾನು ಹೇಳುವ ಕಥೆ ಆ ಪಟ್ಟಿಯದು.

ಮೊದಲು ಎರಡು ಶಬ್ದಗಳ ಪರಿಚಯ. ಗಣಕಯಂತ್ರದ ಪ್ರೋಗ್ರಾಮಿಗೆ ಒಂದು ಕಿವಿ, ಎರಡು ಬಾಯಿ ಎಂದು ತಿಳಿಯಿರಿ. ಕಿವಿಯಿಂದ ಒಳಕ್ಕೆ ಹೋಗುವುದು ಇನ್‌ಪುಟ್. ಒಂದು ಬಾಯಿಯಿಂದ ಫಲಿತಾಂಶ ಹೊರಬರುತ್ತದೆ, ಅದು ಔಟ್‌ಪುಟ್. ಇನ್ನೊಂದು ಬಾಯಿ ದೂರು ಹೇಳುವುದಕ್ಕೆ ಮಾತ್ರ. ಪ್ರೋಗ್ರಾಮಿನಲ್ಲಿ ತಪ್ಪು ಸೇರಿಕೊಂಡಾಗ ಅದನ್ನು ಹುಡುಕಲು ಡಿಬಗ್ಗರ್ ಎಂಬ ಇನ್ನೊಂದು ಪ್ರೋಗ್ರಾಂ ಉಂಟು. ೧೯೮೬ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತ ಬರೆದ ಜಿ.ಡಿ.ಬಿ. ಅಂಥದು, ಈಗಲೂ ಬಳಕೆಯಲ್ಲಿದೆ. ಡಿಬಗ್ಗರು ವೈದ್ಯನ ಹಾಗೆ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ, "ನಾಲಿಗೆ ಚಾಚು, ಉಸಿರೆಳೆ" ಎಂದು ಪರೀಕ್ಷಿಸಿ, ಮತ್ತೆ ಓಡಬಿಡುತ್ತದೆ.

ಇಲ್ಲಿಯೇ ತೊಡಕು. ಸಾಧಾರಣವಾಗಿ ಡಿಬಗ್ಗರನ್ನು ನಡೆಸುವಾಗ, ಪ್ರೋಗ್ರಾಂ ನಮ್ಮೊಡನೆ ಮಾತನಾಡುವುದೂ ಡಿಬಗ್ಗರ್ ನಮ್ಮೊಡನೆ ಮಾತನಾಡುವುದೂ ಟರ್ಮಿನಲ್ ಎಂಬ ಒಂದೇ ಕಿಟಕಿಯ ಮೂಲಕ. ಇದರಿಂದ ಏನಾಗುತ್ತದೆ ಎಂಬುದಕ್ಕೆ ನಮ್ಮ ಮನೆಯ ಬಾಗಿಲಲ್ಲೇ ಉದಾಹರಣೆಯಿದೆ. ಒಂದು ಬೆಳಗ್ಗೆ ನನ್ನ ಮನೆಯಾಕೆ ತಳ್ಳುಗಾಡಿಯವನೊಡನೆ ತೆಲುಗಿನಲ್ಲಿ ಬೆಂಡೆಕಾಯಿಯ ಚೌಕಾಸಿ ನಡೆಸಿದ್ದಳು. ಒಳಗಿನಿಂದ ಮಗಳು, ಶಾಲೆಯ ಅಭ್ಯಾಸಬಲದಿಂದ ತೆಲುಗಿನಲ್ಲಿಯೇ, ದೋಸೆ ಎಷ್ಟು ಹಾಕಲಿ ಎಂದು ಕೂಗಿ ಕೇಳಿದಳು. ಈಕೆ, "ರೆಂಡು ಚಾಲು" ಎಂದಳು. ಎರಡು ಸಾಕು ಎಂದು ಅರ್ಥ. ಗಾಡಿಯವನು ಎರಡು ಕಿಲೋ ಬೆಂಡೆಕಾಯಿ ತೂಗಿಬಿಟ್ಟ! ತಪ್ಪು ಯಾರದು? ತಾಯಿಯದೂ ಅಲ್ಲ, ಮಗಳದೂ ಅಲ್ಲ, ಪಾಪ, ಗಾಡಿಯವನದಂತೂ ಅಲ್ಲವೇ ಅಲ್ಲ. ಎರಡು ಮಾತುಕತೆಗಳು ಒಂದೇ ಬಾಗಿಲಲ್ಲಿ ನಡೆದದ್ದು ತಪ್ಪು. ಮೂರು ದಿನ ಬೆಂಡೆಕಾಯಿ ಹುಳಿ ಉಂಡು ನಾನು ಕಲಿತ ಪಾಠವನ್ನು ಕಸುಬಿನಲ್ಲಿ ಕಲಿಯಲು ಮಾತ್ರ ಇನ್ನೂ ಹೆಚ್ಚು ಕಾಲ ಹಿಡಿಯಿತು.

ಈಗ ಪಟ್ಟಿಯ ಕಥೆಗೆ ಬರುತ್ತೇನೆ. ವರ್ಷಂಪ್ರತಿ ನಮ್ಮ ಸಂಘದಿಂದ ರಾಜ್ಯೋತ್ಸವದ ಆಮಂತ್ರಣ ಪತ್ರಿಕೆ ಎಲ್ಲ ಸದಸ್ಯರಿಗೂ ಹೋಗುತ್ತದೆ. ಲಕೋಟೆಯ ಮೇಲೆ ಹೆಸರು ವಿಳಾಸಗಳನ್ನು ಕೈಯಲ್ಲಿ ಬರೆಯುತ್ತಿದ್ದ ಹಿರಿಯರಿಗೆ ಕಣ್ಣು ಮಂದವಾದ ಕಾರಣ, ಚೀಟಿಗಳನ್ನು ಗಣಕಯಂತ್ರದಿಂದಲೇ ಅಚ್ಚು ಮಾಡಿಸುವ ಹೊಣೆಯನ್ನು ನಾನು ಹೊತ್ತೆ. ಸಿ ಭಾಷೆಯಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದೆ. ಸದಸ್ಯರ ಹೆಸರನ್ನೂ ವಿಳಾಸವನ್ನೂ ಕನ್ನಡದಲ್ಲಿ ಓದಿಕೊಂಡು, ಒಂದೊಂದಾಗಿ ಚೀಟಿಯ ಆಕಾರದಲ್ಲಿ ಬರೆದು, ಒಂದು ಫೈಲಿಗೆ ತುಂಬಬೇಕು. ಇಷ್ಟೇ ಅದರ ಕೆಲಸ. ಅದು ಸ್ವಲ್ಪ ದೂರ ಓಡಿ ದೊಪ್ಪನೆ ಬಿತ್ತು. ಎಷ್ಟು ಸಲ ಎಬ್ಬಿಸಿದರೂ ಹಾಗೆಯೇ.

ಫೈಲನ್ನು ತೆರೆದು ನೋಡಿದೆ. ಐವತ್ತಮೂರು ಹೆಸರುಗಳು ಸರಿಯಾಗಿದ್ದುವು. ಐವತ್ತನಾಲ್ಕನೆಯವರ ವಿಳಾಸದ ನಡುವೆ ಬರಹ ಕಡಿದುಹೋಗಿತ್ತು. ಅಷ್ಟೇ ಅಲ್ಲ, ಕೊನೆಯ ಅಕ್ಷರದ ಜಾಗದಲ್ಲಿ ವಜ್ರಾಕಾರದ ಚೌಕಟ್ಟಿನೊಳಗೆ ಒಂದು ಪ್ರಶ್ನೆಯ ಚಿಹ್ನೆ! ಅದನ್ನು ಕಂಡ ಒಬ್ಬ ಮಿತ್ರರು, "ನೋಡಿದಿರಾ, ಕನ್ನಡದ ಅಕ್ಷರ ಕೆಟ್ಟಿದೆ. ಇಂಗ್ಲಿಷಿನಲ್ಲಿ ಹಾಕಿ ನೋಡಿ" ಎಂದರು. ಹಾಕಿದೆ. ಇಡೀ ಪಟ್ಟಿ ನಿರಾತಂಕವಾಗಿ ಓಡಿತು. ಇದಕ್ಕಿಂತ ಬೇರೆ ಸಾಕ್ಷಿ ಏನು ಬೇಕು? ಕಾರ್ಯಕಾರಿ ಸಮಿತಿಯಲ್ಲಿ ಮಾತು ಬಂತು: "ದಿನ ಹತ್ತಿರವಾಯಿತು, ಈ ವರ್ಷ ಇಂಗ್ಲಿಷಿನಲ್ಲಿಯೇ ಆಗಲಿ, ಮುಂದಿನ ವರ್ಷ ನೋಡೋಣ."

ಮುಂದಿನ ವರ್ಷ ನೋಡೋಣ ಎಂಬ ಮಾತಿನ ಆಯುಸ್ಸು ಎಷ್ಟೆಂಬುದು ನಮಗೆಲ್ಲ ಗೊತ್ತು. ಸಮಿತಿಯಲ್ಲಿದ್ದ ಒಬ್ಬ ವೃದ್ಧರು ಮೆಲ್ಲಗೆ ಒಂದು ಮಾತು ಹೇಳಿದರು: "ನನ್ನ ಹೆಸರಿಗೆ ಬರುವ ಕಾಗದಗಳಲ್ಲಿ, ವರ್ಷಕ್ಕೊಂದು ಸಲ ಹೆಸರು ಕನ್ನಡದಲ್ಲಿ ಇರುವುದು ಈ ಲಕೋಟೆಯ ಮೇಲೆ ಮಾತ್ರ." ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ದಿನದ ಅವಧಿ ಬೇಡಿಕೊಂಡು ಡಿಬಗ್ಗರನ್ನು ತೆರೆದು ಕುಳಿತೆ.

ನಾನು ಮಾಡಿದ ಮೊದಲನೆಯ ತಪ್ಪು, ಫೈಲಿನಲ್ಲಿ ಕೊನೆಯದಾಗಿ ಕಂಡದ್ದೇ ಪ್ರೋಗ್ರಾಂ ಕೊನೆಯದಾಗಿ ಮಾಡಿದ ಕೆಲಸವೆಂದು ನಂಬಿದ್ದು. ಇದು ಈ ಕಸುಬಿನಲ್ಲಿ ಬಲ್ಲವರನ್ನೂ ಬೀಳಿಸುವ ಗುಂಡಿ. ಸಿಕಂದರಾಬಾದ್ ಸ್ಟೇಷನ್ನಿನ ಹೊರಗೆ ನಿಲ್ಲುವ ಷೇರ್ ಆಟೋಗಳನ್ನು ನೀವೆಲ್ಲ ಕಂಡಿದ್ದೀರಿ. ಒಬ್ಬ ಹತ್ತಿದ ಕೂಡಲೆ ಅದು ಹೊರಡುವುದಿಲ್ಲ. ತುಂಬಿದ ಮೇಲೆಯೇ ಹೊರಡುತ್ತದೆ. ಪ್ರೋಗ್ರಾಮಿನ ಔಟ್‌ಪುಟ್ ಕೂಡ ಹಾಗೆಯೇ. ಅದು ಕಿಟಕಿಗೆ ಬರೆಯುವಾಗ ಸಾಮಾನ್ಯವಾಗಿ ಒಂದೊಂದು ಸಾಲು ಮುಗಿದ ಹಾಗೆಲ್ಲ ಗಾಡಿ ಹೊರಡುತ್ತದೆ. ಫೈಲಿಗೆ ಬರೆಯುವಾಗಲಾದರೋ ಗಾಡಿ ತುಂಬುವವರೆಗೆ ಕಾಯುತ್ತದೆ. ಗಾಡಿಯಲ್ಲಿ ಹಿಡಿಯುವುದು ಬಹುಮಟ್ಟಿಗೆ ೪೦೯೬ ಬೈಟು. ಬೈಟು ಎಂದರೆ ಗಣಕಯಂತ್ರದ ನೆನಪಿನಲ್ಲಿ ಒಂದು ಮನೆ. ಚೌಕಾಬಾರದ ಮನೆಯ ಹಾಗೆ. ಎರಡು ಗಾಡಿಗಳು ಹೊರಟು ಫೈಲನ್ನು ಸೇರಿದ್ದುವು. ಮೂರನೆಯದು ಅರ್ಧ ತುಂಬಿ ನಿಂತಿದ್ದಾಗ ಪ್ರೋಗ್ರಾಂ ಸತ್ತಿತು. ಅದರಲ್ಲಿ ಕುಳಿತ ಹೆಸರುಗಳು ಅದರೊಡನೆಯೇ ಹೋದುವು.

ಹಾಗಾದರೆ ಆ ಕೆಟ್ಟ ಅಕ್ಷರ? ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ ಸಾಕು. ಈಗ ಎಲ್ಲೆಡೆ ಬಳಕೆಯಲ್ಲಿರುವ ಯು.ಟಿ.ಎಫ್.-೮ ಎಂಬ ಏರ್ಪಾಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಮನೆ ಬೇಕು. ಎರಡನೆಯ ಗಾಡಿಯ ಕೊನೆಯಲ್ಲಿ ಒಂದು ಅಕ್ಷರ ಹತ್ತುತ್ತಿದ್ದಾಗ ಜಾಗ ಮುಗಿಯಿತು. ಅದರ ಒಂದು ಪಾಲು ಆ ಗಾಡಿಯಲ್ಲಿ ಹೋಯಿತು, ಉಳಿದ ಪಾಲು ಮುಂದಿನ ಗಾಡಿಗೆ ನಿಂತಿತು, ಆ ಗಾಡಿ ಹೊರಡಲೇ ಇಲ್ಲ. ಅಕ್ಷರ ಕೆಟ್ಟಿರಲಿಲ್ಲ, ಪ್ರಯಾಣದ ನಡುವೆ ತುಂಡಾಗಿತ್ತು. ಐವತ್ತನಾಲ್ಕನೆಯ ಸದಸ್ಯರೂ ನಿರಪರಾಧಿ, ಅವರ ವಿಳಾಸವೂ ನಿರಪರಾಧಿ.

ಎರಡನೆಯ ತಪ್ಪು ಇನ್ನೂ ನಗೆಗೀಡಾದುದು. ಡಿಬಗ್ಗರಿನೊಳಗೆ ಪ್ರೋಗ್ರಾಮನ್ನು ಓಡಿಸಿ, ಹೆಸರುಗಳನ್ನು ಕೈಯಿಂದಲೇ ಒತ್ತತೊಡಗಿದೆ. ಬೆಂಡೆಕಾಯಿಯ ಪ್ರಸಂಗ ಮತ್ತೆ ನಡೆಯಿತು. ಮುಂದಿನ ಸಾಲಿಗೆ ಹೋಗು ಎಂಬರ್ಥದ 'ನೆಕ್ಸ್ಟ್' ಎಂಬ ಆಜ್ಞೆಯನ್ನು ನಾನು ಡಿಬಗ್ಗರಿಗೆಂದು ಒತ್ತಿದರೆ, ಆಗ ಕಿವಿಯೊಡ್ಡಿ ಕಾಯುತ್ತಿದ್ದುದು ಪ್ರೋಗ್ರಾಂ. 'ನೆಕ್ಸ್ಟ್' ಎಂಬ ಹೆಸರಿನ ಸದಸ್ಯರೊಬ್ಬರು ಪಟ್ಟಿಗೆ ಸೇರಿದರು. ರಾಮ ಎಂದು ಒತ್ತಿದರೆ ಅದು ಡಿಬಗ್ಗರಿನ ಕಿವಿಗೆ ಬಿದ್ದು, ಅಂಥ ಆಜ್ಞೆ ತನಗೆ ತಿಳಿಯದೆಂದು ಅದು ಗದರಿತು. ಪ್ರೋಗ್ರಾಂ ಓಡುತ್ತಿರುವಾಗ ಕೀಲಿಮಣೆ ಪ್ರೋಗ್ರಾಮಿನದು, ನಿಂತಾಗ ಡಿಬಗ್ಗರಿನದು. ಯಾವುದು ಯಾವಾಗ ಎಂಬುದು ಆತುರಗಾರನಿಗೆ ಕಾಣುವುದಿಲ್ಲ. ಇದಕ್ಕಿಂತ ದೊಡ್ಡ ಮೋಸ ಬೇರೊಂದಿತ್ತು. ಕೈನೋವು ಉಳಿಸಿಕೊಳ್ಳಲು ನಾನು ಒತ್ತುತ್ತಿದ್ದುದು ರಾಮ, ಭೀಮ, ಸೀತಾ ಮುಂತಾದ ಪುಟ್ಟ ಹೆಸರುಗಳು. ಪ್ರೋಗ್ರಾಂ ಬೀಳಲೇ ಇಲ್ಲ! ರೋಗಿಯನ್ನು ಹೊರಗೆ ನಿಲ್ಲಿಸಿ, ಆರೋಗ್ಯವಂತನ ನಾಡಿ ಹಿಡಿದು ಕುಳಿತ ವೈದ್ಯನಂತಾಗಿದ್ದೆ ನಾನು.

ಎರಡು ದಿನ ಹೀಗೆ ಕಳೆದ ಮೇಲೆ ಬುದ್ಧಿ ಬಂತು. ಮಾತುಕತೆಗಳನ್ನು ಬೇರೆ ಮಾಡಿದೆ. ಮಾಡಿದ್ದು ಎರಡೇ ಕೆಲಸ. ಸದಸ್ಯರ ನಿಜವಾದ ಪಟ್ಟಿಯನ್ನು ಒಂದು ಫೈಲಿನಲ್ಲಿಟ್ಟು, ಡಿಬಗ್ಗರಿನ 'ರನ್' ಎಂಬ ಆಜ್ಞೆಯ ಮುಂದೆ, ಗಣಿತದಲ್ಲಿ 'ಕಡಮೆ' ಎಂದು ತೋರಿಸುವ ಚಿಹ್ನೆಯನ್ನು ಹಾಕಿ ಆ ಫೈಲಿನ ಹೆಸರು ಕೊಟ್ಟೆ. ಆಗ ಪ್ರೋಗ್ರಾಮಿನ ಕಿವಿ ಫೈಲಿಗೆ ಅಂಟಿತು. ಕೀಲಿಮಣೆ ಡಿಬಗ್ಗರಿಗೆ ಮಾತ್ರ ಉಳಿಯಿತು. ಎರಡನೆಯದಾಗಿ, ಪಕ್ಕದಲ್ಲಿ ಇನ್ನೊಂದು ಟರ್ಮಿನಲ್ ಕಿಟಕಿ ತೆರೆದೆ. ಪ್ರತಿಯೊಂದು ಕಿಟಕಿಗೂ ಯಂತ್ರದೊಳಗೆ ಒಂದು ಹೆಸರುಂಟು; ಅಲ್ಲಿ 'ಟಿಟಿವೈ' ಎಂದು ಕೇಳಿದರೆ ಅದು ತನ್ನ ಹೆಸರು ಹೇಳುತ್ತದೆ. ಆ ಹೆಸರನ್ನು ಡಿಬಗ್ಗರಿಗೆ, ಅದೇ 'ಟಿಟಿವೈ' ಎಂಬ ಆಜ್ಞೆಯೊಡನೆ, ಓಟಕ್ಕೆ ಮೊದಲೇ ತಿಳಿಸಿದೆ. ಅಂದಿನಿಂದ ಪ್ರೋಗ್ರಾಂ ಆಡುವ ಮಾತು ಆ ಕಿಟಕಿಯಲ್ಲಿ, ಡಿಬಗ್ಗರಿನ ಮಾತು ಈ ಕಿಟಕಿಯಲ್ಲಿ.

ಹೀಗೆ ಬಾಯಿಗಳನ್ನು ಬೇರೆ ಮಾಡುವ ವಿಚಾರ ಹೊಸದೇನೂ ಅಲ್ಲ. ೧೯೭೦ರ ದಶಕದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಯುನಿಕ್ಸ್ ಎಂಬ ವ್ಯವಸ್ಥೆಯನ್ನು ಕಟ್ಟುತ್ತಿದ್ದವರು ತಮ್ಮ ಬರಹಗಳನ್ನು ಫೋಟೋ ಟೈಪ್‌ಸೆಟ್ಟರ್ ಎಂಬ ಅಕ್ಷರ ಜೋಡಿಸುವ ಯಂತ್ರಕ್ಕೆ ಕಳುಹಿಸುತ್ತಿದ್ದರು. ಕಾದು ಕಾದು ಹೊರಬಂದ ಕಾಗದದಲ್ಲಿ ಲೇಖನದ ಬದಲು ಅಂದವಾಗಿ ಜೋಡಿಸಲ್ಪಟ್ಟ ತಪ್ಪಿನ ಸೂಚನೆಗಳಿರುತ್ತಿದ್ದುವು! ಪ್ರೋಗ್ರಾಮಿನ ದೂರು, ಕಿಟಕಿಗೆ ಬರುವ ಬದಲು, ಫಲಿತಾಂಶದ ಜೊತೆ ಸೇರಿ ಅಚ್ಚಿಗೆ ಹೋಗುತ್ತಿತ್ತು. ಕೆಲವು ಸಲ ಹೀಗೆ ಕಾಗದ ಹಾಳಾದ ಮೇಲೆ ಅವರು ದೂರಿಗೆಂದೇ ಬೇರೆ ಬಾಯಿಯನ್ನು ಏರ್ಪಡಿಸಿದರು. ನಾನು ಮೊದಲು ಹೇಳಿದ ಎರಡನೆಯ ಬಾಯಿ ಹುಟ್ಟಿದ್ದು ಹಾಗೆ. ನಮ್ಮ ಸ್ಮರಣ ಸಂಚಿಕೆಯ ಕರಡು ತಿದ್ದಿದವರಿಗೆ ಅವರ ಸಂಕಟ ಚೆನ್ನಾಗಿ ಅರ್ಥವಾದೀತು.

ಮತ್ತೆ ನಮ್ಮ ಕಥೆ. ಈ ಸಲ ಪ್ರೋಗ್ರಾಂ ಕಿಟಕಿಗೆ ಬರೆಯುತ್ತಿದ್ದುದರಿಂದ ಸಾಲುಸಾಲಾಗಿ ಗಾಡಿ ಹೊರಡುತ್ತಿತ್ತು. ಐವತ್ತನಾಲ್ಕನೆಯ ಹೆಸರು ಬಂತು, ದಾಟಿತು. ಅರವತ್ತು ದಾಟಿತು. ಎಪ್ಪತ್ತೊಂದನೆಯ ಹೆಸರು ಕಾಣಿಸಿತು: ಮಲ್ಲಿಕಾರ್ಜುನ. ಅಲ್ಲಿ ನಿಂತಿತು. ಆ ಕಿಟಕಿಯಲ್ಲಿ ಒತ್ತಕ್ಷರಗಳು ಅಂದವಾಗಿ ಕೂಡಿಕೊಂಡಿರಲಿಲ್ಲ, ನಿಜ. ಆದರೆ ಒಂದು ಅಕ್ಷರವೂ ತಪ್ಪಿರಲಿಲ್ಲ. ಕೆಳಗಿನ ವಿಳಾಸ ಮಾತ್ರ ಬರಲಿಲ್ಲ. ಇನ್‌ಪುಟ್ ಫೈಲಿನಲ್ಲಿದ್ದ ಕಾರಣ ಎಷ್ಟು ಸಲ ಓಡಿಸಿದರೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಜಾಗ. ಎಪ್ಪತ್ತು ಸಲ ಸುಮ್ಮನೆ ಬಿಟ್ಟು ಎಪ್ಪತ್ತೊಂದನೆಯ ಸಲ ನಿಲ್ಲಿಸು ಎಂದು ಡಿಬಗ್ಗರಿಗೆ ಹೇಳಲು ಆಗ ಸಾಧ್ಯವಾಯಿತು.

ನಿಲ್ಲಿಸಿ, ಹೆಸರಿಟ್ಟಿದ್ದ ಜಾಗವನ್ನು ತೋರಿಸು ಎಂದೆ. ಡಿಬಗ್ಗರ್ ತೋರಿಸಿದ್ದು ಕನ್ನಡವನ್ನಲ್ಲ, ಅಂಕಿಗಳ ರಾಶಿಯನ್ನು: ೩೪೦, ೨೬೨, ಹೀಗೆ. ಮೊದಲು ಎದೆ ಧಸಕ್ಕೆಂದಿತು. ಆಮೇಲೆ ತಿಳಿಯಿತು, ಡಿಬಗ್ಗರ್ ನಡೆಯುತ್ತಿದ್ದ ಕಿಟಕಿಯ ಭಾಷೆಯ ಏರ್ಪಾಡು ಕನ್ನಡಕ್ಕೆ ಸಿದ್ಧವಾಗಿರಲಿಲ್ಲ. ಆದಕಾರಣ ಅದು ಒಂದೊಂದು ಮನೆಯಲ್ಲಿರುವುದನ್ನು ಎಂಟರ ಲೆಕ್ಕದ ಅಂಕಿಗಳಲ್ಲಿ ಓದಿ ಹೇಳುತ್ತಿತ್ತು. 'ಕ' ಎಂಬ ಅಕ್ಷರ ಈ ಲೆಕ್ಕದಲ್ಲಿ ೩೪೦, ೨೬೨, ೨೨೫. ಕನ್ನಡದ ಯಾವ ಸಂಕೇತವೇ ಆಗಲಿ, ಮೊದಲ ಮನೆಯಲ್ಲಿ ೩೪೦ ಇದ್ದೇ ಇರುತ್ತದೆ. ಅಂದಮೇಲೆ ೩೪೦ ಎಷ್ಟು ಸಲ ಬಂದಿದೆಯೆಂದು ಎಣಿಸಿದರೆ ಎಷ್ಟು ಸಂಕೇತಗಳಿವೆಯೆಂದು ತಿಳಿದಂತೆಯೇ. ಎಣಿಸಿದೆ. ಹನ್ನೊಂದು. ಹನ್ನೊಂದನೆಯದಕ್ಕೂ ಮೂರು ಮನೆ ಸಿಕ್ಕಿರಲಿಲ್ಲ, ಎರಡೇ ಸಿಕ್ಕಿದ್ದುವು.

ಈಗ ಹೆಸರನ್ನು ಬಿಡಿಸೋಣ. ಮಲ್ಲಿಕಾರ್ಜುನ ಎಂಬುದು ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡಿನಲ್ಲಿ ಗುಣಿತದ ಚಿಹ್ನೆಗೂ ಒತ್ತು ಕೊಡುವ ಅರ್ಧಾಕ್ಷರದ ಚಿಹ್ನೆಗೂ ಪ್ರತ್ಯೇಕ ಸಂಕೇತ. ಮ ಒಂದು, ಲ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ಲ, ಗುಡಿಸು, ಇವು ನಾಲ್ಕು, ಕ ಮತ್ತು ದೀರ್ಘ ಎರಡು, ರ, ಅರ್ಧಾಕ್ಷರದ ಚಿಹ್ನೆ, ಜ, ಕೊಂಬು ನಾಲ್ಕು, ನ ಒಂದು. ಒಟ್ಟು ಹನ್ನೆರಡು ಸಂಕೇತ. ಮೂರರಂತೆ ಮೂವತ್ತಾರು ಮನೆ. ನಾನು ಹೆಸರಿಗೆಂದು ಕಟ್ಟಿಟ್ಟದ್ದು ಮೂವತ್ತೆರಡು ಮನೆ! ಮೂವತ್ತೆರಡು ಅಕ್ಷರಕ್ಕಿಂತ ಉದ್ದನೆಯ ಹೆಸರು ಯಾರಿಗಿದ್ದೀತು ಎಂದು ಇಂಗ್ಲಿಷಿನ ಲೆಕ್ಕದಲ್ಲಿ ಯೋಚಿಸಿ, ಅಳತೆ ನೋಡದೆ ಸುರಿದಿದ್ದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಗಾದೆ. ಇಲ್ಲಿ ಕಾಲು ಚಾಚಿದವರ ತಪ್ಪಿಲ್ಲ, ಗಿಡ್ಡ ಹಾಸಿಗೆ ಹಾಸಿದವನ ತಪ್ಪು.

ಹೆಸರಿನ ಪಕ್ಕದ ಮನೆಗಳಲ್ಲಿಯೇ, ವಿಳಾಸ ಎಲ್ಲಿದೆ ಎಂಬ ಗುರುತನ್ನು ಇಟ್ಟಿದ್ದೆ. ಮಲ್ಲಿಕಾರ್ಜುನದ ಕೊಂಬಿನ ಒಂದು ಪಾಲೂ ಕೊನೆಯ ನ ಎಂಬ ಅಕ್ಷರವೂ ಹಾಸಿಗೆ ಸಾಲದೆ ಆ ಗುರುತಿನ ಮೇಲೆ ಬಿದ್ದುವು. ಗುರುತು ಅಳಿಯಿತು. ಹೆಸರು ಸರಿಯಾಗಿ ಅಚ್ಚಾಯಿತು. ವಿಳಾಸಕ್ಕೆಂದು ಹೋದ ಪ್ರೋಗ್ರಾಂ, ಇಲ್ಲದ ಊರಿನ ದಾರಿ ಹಿಡಿದು ಬಿತ್ತು. ಅದಕ್ಕೆ ಮೊದಲಿನ ಎಪ್ಪತ್ತು ಹೆಸರುಗಳು ಹತ್ತು ಸಂಕೇತದೊಳಗಿನವಾಗಿದ್ದುದು ಕೇವಲ ಅದೃಷ್ಟ. ಇಂಗ್ಲಿಷಿನಲ್ಲಿ ಅದೇ ಹೆಸರಿಗೆ ಹನ್ನೆರಡೇ ಮನೆ ಸಾಕಾದುದರಿಂದ ತಪ್ಪು ಮುಚ್ಚಿಹೋಗಿತ್ತು, ತೀರಿರಲಿಲ್ಲ. ಸಾಕಷ್ಟು ಉದ್ದನೆಯ ಇಂಗ್ಲಿಷ್ ಹೆಸರು ಬಂದಿದ್ದರೆ ಅದೂ ಬೀಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾವು ಕನ್ನಡವನ್ನು ಡೊಂಕೆನ್ನುವುದರಲ್ಲಿದ್ದೆವು.

ತಿದ್ದುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಹಾಸಿಗೆಯನ್ನು ದೊಡ್ಡದು ಮಾಡಿದ್ದಷ್ಟೇ ಅಲ್ಲ, ಹೆಸರನ್ನು ಸುರಿಯುವ ಮುನ್ನ ಅಳೆಯುವ ಸಾಲನ್ನೂ ಸೇರಿಸಿದೆ. ಬರಿಯ ದೊಡ್ಡ ಹಾಸಿಗೆಯೂ ಒಂದು ದಿನ ಸಾಲದೆ ಬಂದೀತು. ಆ ವರ್ಷದ ಲಕೋಟೆಗಳೆಲ್ಲ ಕನ್ನಡದಲ್ಲಿಯೇ ಹೋದುವು. ಸಮಿತಿಯ ಆ ವೃದ್ಧರು ಲಕೋಟೆಯನ್ನು ತೋರಿಸಿ ನಕ್ಕರು; ಏನೂ ಹೇಳಲಿಲ್ಲ.

ಇನ್ನೊಂದು ಮಾತು. ಯೂನಿಕೋಡಿನಲ್ಲಿ ತೆಲುಗಿಗೆ ನೂರಿಪ್ಪತ್ತೆಂಟು ಸ್ಥಾನ, ಅದರ ಮಗ್ಗುಲಲ್ಲಿಯೇ ಕನ್ನಡಕ್ಕೆ ನೂರಿಪ್ಪತ್ತೆಂಟು ಸ್ಥಾನ. ಕನ್ನಡದ ಕ ೩೪೦, ೨೬೨, ೨೨೫ ಎಂದೆನಲ್ಲವೆ? ತೆಲುಗಿನ ಕ ೩೪೦, ೨೬೦, ೨೨೫. ನಡುವಿನ ಒಂದು ಅಂಕಿಯಲ್ಲಿ ಎರಡರ ಅಂತರ! ಶ್ರೀಶೈಲದ ಮಲ್ಲಿಕಾರ್ಜುನ ಎರಡು ನಾಡಿನವರಿಗೂ ದೇವರು. ಆತನ ಹೆಸರಿಗೆ ತೆಲುಗಿನಲ್ಲಿಯೂ ಮೂವತ್ತಾರು ಮನೆಯೇ ಬೇಕು. ಈ ಊರಿನಲ್ಲಿ ನಾವು ಕನ್ನಡಕ್ಕೆಂದು ತಿದ್ದಿದ ತಪ್ಪು ನೆರೆಮನೆಯ ತಪ್ಪನ್ನೂ ತಿದ್ದಿದ ಹಾಗೆ.

ಈ ಕಸುಬಿಗೆ ಇಳಿದಿರುವ ತರುಣ ತರುಣಿಯರಿಗೆ ನನ್ನ ಅನುಭವದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ತಪ್ಪು ಹುಡುಕುವಾಗ ಇನ್‌ಪುಟ್ಟನ್ನು ಫೈಲಿನಲ್ಲಿಡಿ. ಅದೂ ಬಿದ್ದ ದಿನದ ನಿಜವಾದ ಇನ್‌ಪುಟ್ಟಾಗಿರಲಿ. ಪ್ರೋಗ್ರಾಮಿನ ಮಾತಿಗೆ ಒಂದು ಕಿಟಕಿ, ಪರೀಕ್ಷಕನ ಮಾತಿಗೆ ಇನ್ನೊಂದು ಕಿಟಕಿ ಇರಲಿ. ಫೈಲಿನಲ್ಲಿ ಕೊನೆಗೆ ಕಂಡದ್ದನ್ನು ಕೊನೆಯದೆಂದು ನಂಬಬೇಡಿ. ಹೊರಡದ ಗಾಡಿಯಲ್ಲಿ ಯಾರು ಕುಳಿತಿದ್ದರೆಂದು ವಿಚಾರಿಸಿ. ಅಂಕಿಗಳು ಕಂಡಾಗ ಅಕ್ಷರ ಕೆಟ್ಟಿತೆನ್ನಬೇಡಿ, ಕುಳಿತು ಎಣಿಸಿ.

ತಾಯಂದಿರಿಗೂ ಹಿರಿಯರಿಗೂ ಒಂದೇ ಬಿನ್ನಹ. ಕಚೇರಿಯಲ್ಲಾಗಲಿ ಅಂಗಡಿಯಲ್ಲಾಗಲಿ ಯಾರಾದರೂ "ಗಣಕಯಂತ್ರದಲ್ಲಿ ಕನ್ನಡ ನಡೆಯುವುದಿಲ್ಲ" ಎಂದರೆ ತಲೆಯಾಡಿಸಿ ಬಂದುಬಿಡಬೇಡಿ. "ಹೆಸರಿಗೆ ಎಷ್ಟು ಮನೆ ಕಟ್ಟಿದ್ದೀರಿ, ಸ್ವಾಮಿ?" ಎಂದು ವಿನಯದಿಂದ ಕೇಳಿ. ಆ ಪ್ರಶ್ನೆಯನ್ನು ಕೇಳುವುದಕ್ಕೆ ಪಾಂಡಿತ್ಯ ಬೇಕಿಲ್ಲ; ನಮ್ಮ ಹೆಸರನ್ನು ನಮ್ಮ ಅಕ್ಷರದಲ್ಲಿ ಬರೆಯಬೇಕೆಂಬ ಆಸೆಯಿದ್ದರೆ ಸಾಕು.